ಗಂಗವ್ವ ತನ್ನ ಗಂಡನ ಜೊತೆ ಮಾತಾಡಲಿ ಬಿಡಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಒಂದು ಕಿರುಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ಗಂಗವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಗಂಡ ಬಸಪ್ಪ ತೀರಿಕೊಂಡು 13 ವರ್ಷ ಆಗಿದೆ. ರಾತ್ರಿ ಅಡಿಗೆ ಮನೆಯಲ್ಲಿ ಆಕೆ ಅವನ ಜೊತೆ ಮಾತಾಡುತ್ತಾಳೆ. ಅವನೂ ಮಾತಾಡುತ್ತಾನೆ. ಹೊಲದ ಕಾಗದಪತ್ರ ಎಲ್ಲಿದೆ ಅಂತ ಕೊನೆಗೆ ಅವನೇ ಹೇಳುತ್ತಾನೆ. ಓದಿದ ಗೆಳತಿಯೊಬ್ಬಳು "ಇದು ದೆವ್ವದ ಕಥೆ ಆಯ್ತಲ್ಲ" ಅಂದಳು. ಇನ್ನೊಬ್ಬರು "ಗಂಗವ್ವಗ ತಲಿ ಕೆಟ್ಟೈತಿ ಅನ್ನಸ್ತದ" ಅಂದರು. ನನಗೆ ಎರಡೂ ಬೇಡ. ಕರಡನ್ನು ಇದರ ಜೊತೆ ಕಳಿಸಿದ್ದೇನೆ. ಸತ್ತವನ ಮಾತನ್ನು ಹೇಗೆ ಬರೆಯಲಿ? ಆ ಮಾತುಕತೆಯನ್ನು ಎಲ್ಲಿ ನಿಲ್ಲಿಸಲಿ?

ಉತ್ತರ: ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ನಮ್ಮ ಅಜ್ಜಿ ನೆನಪಾದಳು. ಗದಗದ ಹತ್ತಿರದ ಒಂದು ಹಳ್ಳಿ ನಮ್ಮದು. ಅಜ್ಜ ತೀರಿಕೊಂಡ ಮೇಲೂ ಅಜ್ಜಿ ರೊಟ್ಟಿ ಬಡಿಯುವಾಗ ಅವರ ಜೊತೆ ಮಾತಾಡುತ್ತಿದ್ದಳು. ನಾನು ಪಡಸಾಲೆಯಲ್ಲಿ ಅಭ್ಯಾಸ ಮಾಡುತ್ತ ಕೂತಿರುತ್ತಿದ್ದೆ. ಎಲ್ಲಾ ಕೇಳಿಸುತ್ತಿತ್ತು.

"ಈ ವರ್ಷ ಹೆಸರು ಕೈಹತ್ತಲಿಲ್ಲ ನೋಡ್ರಿ" ಅನ್ನುತ್ತಿದ್ದಳು. ಆಮೇಲೆ ಸುಮ್ನೆ. ರೊಟ್ಟಿ ಬಡಿಯುವ ಸದ್ದು ಮಾತ್ರ. ನಾಲ್ಕೈದು ಏಟಿನ ನಂತರ, "ಹಂಗಂದ್ರ ನಾ ಏನ್ ಮಾಡ್ಲಿ? ಮಳಿನ ಆಗ್ಲಿಲ್ಲ."

ಆ ನಡುವೆ ಅಜ್ಜ ಏನಂದರು ಅಂತ ನನಗೆ ಗೊತ್ತಾಗುತ್ತಿತ್ತು. "ಹೊತ್ತಿಗೆ ಸರಿಯಾಗಿ ಬಿತ್ತಿದ್ರ ಬರ್ತಿತ್ತು" ಅಂದಿರುತ್ತಾರೆ. ಬದುಕಿದ್ದಾಗಲೂ ಅವರು ಅನ್ನುತ್ತಿದ್ದದ್ದು ಅದನ್ನೇ. ಇನ್ನೂ ಒಂದು ವಿಷಯ ನಾನು ದೊಡ್ಡವನಾದ ಮೇಲೆ ಗಮನಿಸಿದೆ. ಅಜ್ಜಿ ಸುಮ್ಮನಾಗುತ್ತಿದ್ದ ಹೊತ್ತು ಪ್ರತಿ ಸಲ ಒಂದೇ ಅಳತೆಯದ್ದಾಗಿರಲಿಲ್ಲ. ಅಜ್ಜ ಸಿಟ್ಟಿನಲ್ಲಿ ಚಿಕ್ಕದಾಗಿ ಮಾತಾಡುವವರು. ಅಂಥ ಕಡೆ ಅಜ್ಜಿಯ ಮೌನವೂ ಚಿಕ್ಕದು. ದುಡ್ಡಿನ ವಿಷಯ ಬಂದರೆ ಉದ್ದ. ಅಜ್ಜ ಮಾತಾಡಿ ಮುಗಿಸುವಷ್ಟು ಹೊತ್ತು ಆಕೆ ಕಾಯುತ್ತಿದ್ದಳು, ಅಷ್ಟೇ.

ನಮ್ಮ ಮನೆಯಲ್ಲಿ ಯಾರೂ ಅದನ್ನು ದೆವ್ವ ಅನ್ನಲಿಲ್ಲ. ಹುಚ್ಚು ಅಂತಲೂ ಅನ್ನಲಿಲ್ಲ. ಆದ್ದರಿಂದ ನಿಮ್ಮ ಇಬ್ಬರು ಓದುಗರಿಗೆ ಹಾಗೇಕೆ ಅನ್ನಿಸಿತು ಅನ್ನುವುದನ್ನು ಮೊದಲು ನೋಡೋಣ.

ದೆವ್ವದ ಕಥೆಯಲ್ಲಿ ಸತ್ತವರಿಗೆ ಏನೋ ಬೇಕಾಗಿರುತ್ತದೆ. ಸೇಡು ಬೇಕು, ನೀರು ಬೇಕು, ಬಿಟ್ಟುಹೋದ ಮನೆ ಬೇಕು. ಅದಕ್ಕೇ ತಾವಾಗಿ ಬರುತ್ತಾರೆ. ನೀವು ಬರೆಯಬೇಕೆಂದಿರುವ ಕಥೆಯಲ್ಲಿ ಬೇಕಾಗಿರುವುದು ಬದುಕಿದವಳಿಗೆ. ಗಂಗವ್ವ ಕರೆಯುತ್ತಾಳೆ, ಬಸಪ್ಪ ಬರುತ್ತಾನೆ. ಈಗ ನಿಮ್ಮ ಕರಡಿನಲ್ಲಿ ಏನಾಗಿದೆ? ಗಂಗವ್ವಗೆ ಗೊತ್ತೇ ಇಲ್ಲದ ಒಂದು ಗುಟ್ಟನ್ನು ಬಸಪ್ಪ ಬಂದು ಹೇಳುತ್ತಾನೆ. ಆಕೆ ಹುಡುಕಿದರೆ ಕಾಗದ ಅಲ್ಲೇ ಸಿಗುತ್ತದೆ. ಅಂದರೆ ಬಸಪ್ಪ ನಿಜವಾಗಿಯೂ ಬಂದಿದ್ದ ಅಂತ ನೀವೇ ಸಾಕ್ಷಿ ಕೊಟ್ಟಂತಾಯಿತು. ನಿಮ್ಮ ಗೆಳತಿ ಹೇಳಿದ್ದರಲ್ಲಿ ತಪ್ಪಿಲ್ಲ. ಆ ಒಂದು ಘಟನೆಯಿಂದ ಇಡೀ ಪುಸ್ತಕ ದೆವ್ವದ ಕಥೆ ಆಗಿಬಿಡುತ್ತದೆ.

ಷೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕದಲ್ಲಿ ಎರಡೂ ಬಗೆ ಇವೆ, ಅದಕ್ಕೇ ಅದು ಒಳ್ಳೆಯ ಪಾಠ. ಶುರುವಿನಲ್ಲಿ ಸತ್ತ ರಾಜನ ಭೂತವನ್ನು ಕಾವಲುಗಾರರು ನೋಡುತ್ತಾರೆ, ಗೆಳೆಯನೂ ನೋಡುತ್ತಾನೆ. ಯಾಕಂದರೆ ಆ ಭೂತ ಯಾರಿಗೂ ಗೊತ್ತಿಲ್ಲದ ಕೊಲೆಯ ಗುಟ್ಟನ್ನು ಹೇಳಬೇಕು. ಹಾಗೆ ಹೇಳಬೇಕಾದರೆ ಅದು ಬರೀ ಮಗನ ಮನಸ್ಸಿನ ಆಟ ಆಗಿರಬಾರದು. ಅಷ್ಟಾದರೂ ಮಗ ಅದನ್ನು ಪೂರ್ತಿ ನಂಬುವುದಿಲ್ಲ. ನಾಟಕ ಆಡಿಸಿ ಪರೀಕ್ಷೆ ಮಾಡುತ್ತಾನೆ. ಆದರೆ ಮುಂದೆ ತಾಯಿಯ ಕೋಣೆಯಲ್ಲಿ ಅದೇ ಭೂತ ಬಂದಾಗ ತಾಯಿಗೆ ಕಾಣುವುದಿಲ್ಲ, ಕೇಳುವುದೂ ಇಲ್ಲ. ಅಲ್ಲಿ ಮಗ ಗಾಳಿಯ ಜೊತೆ ಮಾತಾಡುತ್ತಿದ್ದಾನೆ ಅಂತಲೇ ಅವಳಿಗೆ ಅನ್ನಿಸುತ್ತದೆ. ಸತ್ತವರು ಯಾರಿಗೆ ಕಾಣುತ್ತಾರೆ ಅನ್ನುವುದು ಬದಲಾದ ಕೂಡಲೇ ದೃಶ್ಯವೇ ಬೇರೆ ಆಗುತ್ತದೆ, ಅಲ್ವಾ? ನೀವು ಬಸಪ್ಪನನ್ನು ಗಂಗವ್ವಗೆ ಮಾತ್ರ ಬಿಡಿ. ನೆರೆಮನೆಯ ನಾಯಿ ಕೂಡ ಬೊಗಳಬಾರದು.

ಹಾಗಾದರೆ ಕಾಗದದ ವಿಷಯ? ಅದನ್ನು ತೆಗೆಯಬೇಕಾಗಿಲ್ಲ. ಬಸಪ್ಪ ಅದನ್ನು ಹೇಳದೇ ಗಂಗವ್ವಗೆ ಹೊಳೆಯುವ ಹಾಗೆ ಮಾಡಿ. ಹಿಂದಿನ ಅಧ್ಯಾಯದಲ್ಲಿ, ಬಸಪ್ಪ ಬದುಕಿದ್ದ ದಿನಗಳಲ್ಲಿ, ಆಕೆ ಮದುವೆಯ ಟ್ರಂಕಿಗೆ ಕೈಹಾಕಿದಾಗಲೆಲ್ಲ ಅವನು "ಅದನ್ಯಾಕ ಕೆದರತಿ, ಬಿಡ" ಅಂತ ರೇಗುತ್ತಿದ್ದ ಅನ್ನಿ. ಆಕೆಗೂ ಓದುಗರಿಗೂ ಅದು ಬರೀ ಗಂಡಸಿನ ರೇಗಾಟ. 13 ವರ್ಷದ ಮೇಲೆ, ಒಂದು ರಾತ್ರಿ ಆಕೆ "ಕಾಗದ ಎಲ್ಲಿಟ್ಟೀರಿ, ಹೇಳ್ರಿ" ಅಂತ ಅಳುತ್ತ ಕೇಳುತ್ತಾಳೆ. ಬಸಪ್ಪ ಅದೇ ಹಳೆಯ ಮಾತನ್ನೇ ಆಡುತ್ತಾನೆ: "ಅದನ್ಯಾಕ ಕೆದರತಿ, ಬಿಡ." ಆಗ ಗಂಗವ್ವ ಎದ್ದು ಟ್ರಂಕಿನ ಕಡೆ ನೋಡುತ್ತಾಳೆ.

ನಾನು ನಿಮಗೆ ಹೇಳಬೇಕೆಂದಿರುವುದರಲ್ಲಿ ಮುಖ್ಯವಾದದ್ದು ಇದೇ. ಸತ್ತವರ ಬಾಯಲ್ಲಿ ಹಳೆಯ ಮಾತನ್ನೇ ಇಡಿ. ಅದರ ಹೊಸ ಅರ್ಥ ಬದುಕಿದವರಿಗೆ ಹೊಳೆಯಲಿ. ಕಥೆ ಬರೆಯುವವರ ಕರಡುಗಳನ್ನು ಓದುವಾಗ ನಾನು ಜಾಸ್ತಿ ಕಂಡ ತೊಡಕು ಎಂದರೆ, ಸತ್ತ ಕೂಡಲೇ ಜನ ಜ್ಞಾನಿಗಳಾಗುತ್ತಾರೆ. ಬದುಕಿದ್ದಾಗ ಕ್ಷಮೆ ಕೇಳದ ಅಪ್ಪ ಸತ್ತ ಮೇಲೆ ಬಂದು ಕ್ಷಮೆ ಕೇಳುತ್ತಾನೆ. ಮಾತೇ ಆಡದ ಅವ್ವ ಬಂದು ಜೀವನ ಎಂದರೇನು ಅಂತ ವಿವರಿಸುತ್ತಾಳೆ. ಅದು ಬರೆಯುವವರ ಆಸೆ. ಆ ಆಸೆ ನನಗೂ ಅರ್ಥ ಆಗುತ್ತದೆ. ಆದರೆ ಓದುಗರಿಗೆ ಆ ಅಪ್ಪನ ಗುರುತು ಹತ್ತುವುದಿಲ್ಲ. ಬಸಪ್ಪ ಹಟಮಾರಿ ಆಗಿದ್ದರೆ ಸತ್ತ ಮೇಲೂ ಹಟಮಾರಿ ಆಗಿರಲಿ. ಅವನು ಸುಳ್ಳು ಹೇಳುವವನಾಗಿದ್ದರೆ ಈಗಲೂ ಹೇಳಲಿ. ಜಪಾನಿನ ಅಕುತಗಾವ 1922ರಲ್ಲಿ ಬರೆದ ಒಂದು ಕಥೆಯಲ್ಲಿ ಸತ್ತವನು ಒಬ್ಬ ಹೆಂಗಸಿನ ಮೈಮೇಲೆ ಬಂದು ತನ್ನ ಸಾವಿನ ಬಗ್ಗೆ ಸಾಕ್ಷಿ ಹೇಳುತ್ತಾನೆ. ಅವನ ಮಾತು ಬದುಕಿದವರ ಮಾತಿಗೆ ಹೊಂದುವುದಿಲ್ಲ. ಸತ್ತವನು ಅನ್ನುವ ಕಾರಣಕ್ಕೆ ಅವನನ್ನು ನಂಬಲೇಬೇಕು ಅಂತ ಏನಿಲ್ಲ.

ಇನ್ನು ನಮ್ಮ ಕಡೆಯ ಮಾತಿನ ರೀತಿ. ನಿಮ್ಮ ಕರಡಿನ ಗಂಗವ್ವ ಗಂಡನನ್ನು ಬಹಳ ಹೊಗಳುತ್ತಾಳೆ, "ನೀವಿದ್ದಾಗ ಮನೆ ಬೆಳಕಾಗಿತ್ತು" ಅನ್ನುವ ಹಾಗೆ. ನಮ್ಮ ಕಡೆ ಮಣ್ಣಿಗೆ ಹೋದಾಗ ಹೆಣ್ಣುಮಕ್ಕಳು ಹಾಡ್ಯಾಡಿಕೊಂಡು ಅಳುವುದನ್ನು ನೀವು ಕೇಳಿರುತ್ತೀರಿ. ಸತ್ತವರನ್ನು ಎದುರಿಗೆ ಕೂರಿಸಿಕೊಂಡು ನೇರವಾಗಿ ಅವರಿಗೇ ಹೇಳುವ ಮಾತು ಅದು. ಅದರಲ್ಲಿ ಹೊಗಳಿಕೆ ಇರುತ್ತದೆ, ಆದರೆ ದೂರು ಜಾಸ್ತಿ. ಯಾರ ಕೈಯಾಗ ಕೊಟ್ಟು ಹ್ವಾದಿ, ಹೇಳದ ಯಾಕ ಹ್ವಾದಿ, ಮಗಳ ಲಗ್ನ ಯಾರು ಮಾಡಬೇಕು. ಪ್ರೀತಿ ಅಲ್ಲಿ ಜಗಳದ ರೂಪದಲ್ಲಿ ಬರುತ್ತದೆ.

ಇದು ಕನ್ನಡದಲ್ಲಿ ಸಾವಿರ ವರ್ಷದ ಹಿಂದೆಯೂ ಇತ್ತು. 10ನೇ ಶತಮಾನದ ರನ್ನ ನಮ್ಮ ಉತ್ತರ ಕರ್ನಾಟಕದವನೇ, ಮುಧೋಳದವನು. ಅವನ ಗದಾಯುದ್ಧದಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ದುಶ್ಶಾಸನನ ಹೆಣದ ಮುಂದೆ ನಿಂತು ಅವನು ಹೇಳುವುದರ ಸಾರ ಇಷ್ಟು: ತಾಯಿಯ ಮೊಲೆಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು. ಊಟದಲ್ಲೂ ಮೊದಲು ನಾನು, ಆಮೇಲೆ ನೀನು. ಚಿಕ್ಕಂದಿನಿಂದ ಎಲ್ಲೂ ಆ ಕ್ರಮ ಮೀರಲಿಲ್ಲ. ಸಾಯುವುದರಲ್ಲಿ ಮಾತ್ರ ನನಗಿಂತ ಮುಂಚೆ ಹೋಗಿಬಿಟ್ಟೆಯಲ್ಲ! ಕರ್ಣನ ಮುಂದೆ ನಿಂತಾಗ ಲೆಕ್ಕ ಮಾಡುತ್ತಾನೆ. ನಾವು ಮೂವರಿದ್ದೆವು, ದುಶ್ಶಾಸನ ಹೋದ ಮೇಲೆ ನಾನು ನೀನು ಇಬ್ಬರೇ ಉಳಿದೆವು, ಈಗ ನೀನೂ ಎಲ್ಲಿಗೆ ಹೋದೆ? ಹೆಣಗಳು ಒಂದು ಮಾತಿಗೂ ಉತ್ತರ ಕೊಡುವುದಿಲ್ಲ. ಆದರೂ ಓದುವಾಗ ಅದು ಒಬ್ಬನೇ ಮಾತಾಡಿದಂತೆ ಅನ್ನಿಸುವುದಿಲ್ಲ. ಇಬ್ಬರ ನಡುವೆ ಒಂದು ಜೀವನವೇ ನಡೆದಿತ್ತು ಅಂತ ಆ ದೂರಿನಿಂದಲೇ ಗೊತ್ತಾಗುತ್ತದೆ.

ಆದ್ದರಿಂದ ನನ್ನ ಸಲಹೆ, ಮೊದಲ ಎರಡು ಅಧ್ಯಾಯದಲ್ಲಿ ಬಸಪ್ಪನ ಮಾತು ಒಂದೂ ಬೇಡ. ಗಂಗವ್ವನ ಮಾತಷ್ಟೇ ಇರಲಿ, ಫೋನಿನಲ್ಲಿ ಒಂದು ಕಡೆಯ ಮಾತು ಕೇಳಿಸಿಕೊಂಡ ಹಾಗೆ. ಹೀಗೆ:

"ಬ್ಯಾಂಕಿನವ್ರು ಬಂದಿದ್ರು."

"ಇಲ್ಲ, ನಾ ಏನೂ ಹೇಳಲಿಲ್ಲ."

"ಹಂಗಂದ್ರ ಹೆಂಗ್ರಿ? ಸಹಿ ನಿಮ್ದೈತಿ, ನಂದಲ್ಲ."

"ನಗಬ್ಯಾಡ್ರಿ."

ಆ "ನಗಬ್ಯಾಡ್ರಿ" ಅನ್ನುವ ಕಡೆ ಬಸಪ್ಪ ಓದುಗರ ಕಣ್ಣಿಗೆ ಬಂದುಬಿಡುತ್ತಾನೆ. ಅವನು ಹೇಗೆ ನಕ್ಕ ಅಂತ ನೀವು ಬರೆಯುವ ಅಗತ್ಯವೇ ಇಲ್ಲ. ಎರಡು ಮಾತಿನ ನಡುವೆ ಏನಿಡಬೇಕು ಅಂತ ಕೇಳಿದರೆ, ಕೈಕೆಲಸ ಇಡಿ. ಆಕೆ ದಿನವಿಡೀ ತೊಟ್ಟು ಬಿಡಿಸಿ ಬಂದವಳು. ಕೈ ಉರಿಯುತ್ತಿರುತ್ತದೆ. ಎಣ್ಣೆ ಹಚ್ಚಿಕೊಳ್ಳುತ್ತಾಳೆ, ಊದುತ್ತಾಳೆ. ಉತ್ತರ ಕೇಳುವಷ್ಟು ಹೊತ್ತು ಆ ಕೆಲಸ ನಡೆಯಲಿ.

ಬಸಪ್ಪನ ಮಾತು ಬರಲೇಬೇಕು ಅನ್ನುವ ಹೊತ್ತು ಬಂದಾಗ ಕನ್ನಡ ನಿಮ್ಮ ಕೈಗೆ ಬಹಳ ಒಳ್ಳೆಯ ಸಾಧನ ಕೊಟ್ಟಿದೆ. ಉದ್ಧರಣ ಚಿಹ್ನೆ ಹಾಕಬೇಕಾ ಅನ್ನುವ ಚಿಂತೆಗಿಂತ ಕ್ರಿಯಾಪದದ ಮೇಲೆ ಕಣ್ಣಿಡಿ. "ಅನ್ನುತ್ತಿದ್ದ" ಅಂದರೆ ಅದು ನೆನಪು, ಯಾರೂ ತಕರಾರು ಮಾಡುವುದಿಲ್ಲ. "ಅಂದಾನು" ಅಂದರೆ ಊಹೆ, ಅವನು ಇದ್ದಿದ್ದರೆ ಹೀಗೆ ಅನ್ನಬಹುದಿತ್ತು. "ಅಂದಂಗಾತು" ಅಂದರೆ ಕೇಳಿಸಿತೋ ಇಲ್ಲವೋ, ಎರಡಕ್ಕೂ ನಡುವೆ. "ಅಂದ" ಅಂದರೆ ಅವನು ಇಲ್ಲೇ ಇದ್ದಾನೆ. ಈ ನಾಲ್ಕು ಮೆಟ್ಟಿಲನ್ನು ನಿಧಾನವಾಗಿ ಹತ್ತಿ. ಶುರುವಿನಲ್ಲಿ "ಇಂಥ ಹೊತ್ತಿನಲ್ಲಿ ಬಸಪ್ಪ, ಉಪ್ಪು ಕಮ್ಮಿ ಆತು ಅನ್ನುತ್ತಿದ್ದ." ಹತ್ತು ಪುಟದ ಮೇಲೆ "ಉಪ್ಪು ಕಮ್ಮಿ ಆತು ಅಂದಾನು ಅಂತ ಇನ್ನೊಂದು ಚಿಟಿಕೆ ಹಾಕಿದಳು." ಇನ್ನಷ್ಟು ಮುಂದೆ "ಉಪ್ಪು ಕಮ್ಮಿ ಆತು ಅಂದಂಗಾತು." ಆಮೇಲೆ ಒಂದು ದಿನ ಬರೀ "ಉಪ್ಪು ಕಮ್ಮಿ ಆತು, ಅಂದ." ಓದುಗರಿಗೆ ತಾವು ಯಾವಾಗ ಆ ಕಡೆ ದಾಟಿದೆವು ಅಂತ ಗೊತ್ತೇ ಆಗುವುದಿಲ್ಲ. ಗಂಗವ್ವಗೂ ಗೊತ್ತಾಗಿರುವುದಿಲ್ಲ. ನಮ್ಮ ಭಾಷೆಯಲ್ಲಿ ಇಂಥ ಸೌಲಭ್ಯ ಇರುವುದು ನೆನೆಸಿಕೊಂಡರೆ ನನಗೆ ಇವತ್ತಿಗೂ ಖುಷಿ ಆಗುತ್ತದೆ. ಚಿಹ್ನೆಯ ವಿಷಯಕ್ಕೆ ಇಷ್ಟೇ ಹೇಳುತ್ತೇನೆ: ಬದುಕಿದವರ ಮಾತಿಗೆ ಹಾಕಿ, ಬಸಪ್ಪನ ಮಾತಿಗೆ ಬೇಡ.

ಬಸಪ್ಪನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನುವುದನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಸತ್ತವರ ಕಾಲ ನಿಂತಿರುತ್ತದೆ. ಬಸಪ್ಪನಿಗೆ ಆಗ 38 ಇದ್ದರೆ ಈಗಲೂ 38. ಗಂಗವ್ವಗೆ 49 ಆಗಿದೆ. ಅಂದರೆ ಆಕೆ ಈಗ ತನಗಿಂತ ಚಿಕ್ಕವನಾದ ಗಂಡನಿಗೆ "ರೀ" ಅನ್ನುತ್ತಿದ್ದಾಳೆ. ಇದನ್ನು ನೀವು ಎಲ್ಲೂ ಬಳಸಿಲ್ಲ. ದಯವಿಟ್ಟು ಬಳಸಿ. ಒಂದು ದಿನ ಆಕೆ ಅವನನ್ನು ಮಗನ ಹಾಗೆ ಗದರಲಿ. ಮೆಣಸಿನಕಾಯಿ ರೇಟು ಕೇಳಿದರೆ ಅವನ ತಲೆಯಲ್ಲಿ ಇರುವುದು ಅವನ ಕಾಲದ ರೇಟು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸನ್ನು ಅವನು ನೋಡಿಯೇ ಇಲ್ಲ. ಗಂಗವ್ವನ ಮಾವನೂ ಈ ಮಾತುಕತೆಯಲ್ಲಿ ಒಮ್ಮೆ ಬರುತ್ತಾನೆ ಅಂತ ಬರೆದಿದ್ದೀರಿ, 1995ರಲ್ಲಿ ತೀರಿಕೊಂಡವನು. ಹಾವೇರಿ, ಗದಗ ಎರಡೂ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಆ ಮಾವ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇದ್ದಾನೆ. ಕಚೇರಿ ಕೆಲಸ ಅಂದರೆ "ಧಾರವಾಡಕ್ಕ ಹೋಗಿ ಬಾ" ಅನ್ನುತ್ತಾನೆ. ಇಂಥ ಒಂದು ಮಾತಿನಿಂದ ಅವನು ಎಷ್ಟು ದೂರ ಉಳಿದುಬಿಟ್ಟ ಅಂತ ಎದೆಗೆ ತಟ್ಟುತ್ತದೆ.

ಒಂದು ಕಟ್ಟು ಕೂಡ ಬೇಕು. ಸತ್ತವರು ಯಾವಾಗ ಬೇಕಾದರೂ ಎಲ್ಲಿ ಬೇಕಾದರೂ ಮಾತಾಡಿದರೆ ಆ ಮಾತಿನ ಬೆಲೆ ಹೋಗುತ್ತದೆ. ಚಿಕ್ಕಂದಿನಲ್ಲಿ ಓದಿದ ಬೇತಾಳನ ಕಥೆ ನೆನಪು ಮಾಡಿಕೊಳ್ಳಿ. ಹೆಣ ಹೆಗಲ ಮೇಲಿಂದ ಕಥೆ ಹೇಳುತ್ತದೆ, ರಾಜ ಬಾಯಿ ಬಿಟ್ಟರೆ ಮತ್ತೆ ಮರಕ್ಕೆ ಹೋಗುತ್ತದೆ. ಆ ಕಟ್ಟು ಇಲ್ಲದಿದ್ದರೆ ಆ ಕಥೆಗಳಿಗೆ ಬಿಗಿಯೇ ಇರುತ್ತಿರಲಿಲ್ಲ. ಗ್ರೀಕರ ಒಡಿಸ್ಸಿಯಲ್ಲಿ ನಾಯಕ ಸತ್ತವರ ಲೋಕದ ಅಂಚಿಗೆ ಹೋಗಿ ಕುರಿಯ ರಕ್ತ ಸುರಿಯುತ್ತಾನೆ. ಅದನ್ನು ಕುಡಿದ ಮೇಲೆಯೇ ಅವನ ತಾಯಿಗೆ ಮಗನ ಗುರುತು ಹತ್ತುತ್ತದೆ, ಮಾತು ಬರುತ್ತದೆ. ನಿನ್ನ ಹಂಬಲದಲ್ಲೇ ಸತ್ತೆ ಅನ್ನುತ್ತಾಳೆ. ಅವನು ಮೂರು ಸಲ ತಬ್ಬಿಕೊಳ್ಳಲು ಹೋಗುತ್ತಾನೆ, ಮೂರು ಸಲವೂ ಅವಳು ನೆರಳಿನ ಹಾಗೆ ಕೈಯಿಂದ ಜಾರುತ್ತಾಳೆ. ಮಾತು ಸಿಗುತ್ತದೆ, ಮೈ ಸಿಗುವುದಿಲ್ಲ.

ಮಹಾಭಾರತದ ಆಶ್ರಮವಾಸಿಕ ಪರ್ವದಲ್ಲಿ ಇದಕ್ಕಿಂತ ದೊಡ್ಡ ದೃಶ್ಯ ಇದೆ. ಯುದ್ಧ ಮುಗಿದು 15 ವರ್ಷಕ್ಕೂ ಜಾಸ್ತಿ ಆಗಿದೆ. ವ್ಯಾಸರು ಸತ್ತ ವೀರರನ್ನೆಲ್ಲ ಗಂಗೆಯಿಂದ ಎಬ್ಬಿಸುತ್ತಾರೆ, ಒಂದೇ ರಾತ್ರಿಗೆ. ಹುಟ್ಟು ಕುರುಡ ಧೃತರಾಷ್ಟ್ರ ತನ್ನ ಮಕ್ಕಳ ಮುಖವನ್ನು ನೋಡುತ್ತಾನೆ. ಕರ್ಣ ಮತ್ತು ಪಾಂಡವರು ಅಣ್ಣತಮ್ಮಂದಿರ ಹಾಗೆ ಕೂಡುತ್ತಾರೆ. ಬೆಳಗಾಗುವಷ್ಟರಲ್ಲಿ ಎಲ್ಲರೂ ನೀರಿಗೆ ಮರಳುತ್ತಾರೆ. ಗಂಡಂದಿರ ಲೋಕಕ್ಕೆ ಹೋಗಬೇಕೆಂದ ವಿಧವೆಯರು ಅದೇ ನೀರಿಗೆ ಇಳಿಯುತ್ತಾರೆ. ಆ ಕೊನೆಯ ಸಾಲು ಓದಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ. ನಮ್ಮ ಗದುಗಿನ ಕುಮಾರವ್ಯಾಸ ಹತ್ತು ಪರ್ವಕ್ಕೇ ನಿಲ್ಲಿಸಿದ್ದರಿಂದ ಈ ಭಾಗ ಅವನ ಭಾರತದಲ್ಲಿ ಇಲ್ಲ. ವೀರನಾರಾಯಣನ ಗುಡಿಗೆ ಹೋದಾಗ, ಅವನು ಒರಗಿ ಕೂತು ಬರೆದ ಅಂತ ಹೇಳುವ ಕಂಬದ ಹತ್ತಿರ ನಿಂತು, ಅವನ ಭಾಮಿನಿ ಷಟ್ಪದಿಯಲ್ಲಿ ಆ ರಾತ್ರಿ ಹೇಗೆ ಬರುತ್ತಿತ್ತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಿಮ್ಮ ಕಥೆಗೆ ಅಷ್ಟು ದೊಡ್ಡ ಕಟ್ಟು ಬೇಡ. ಅಡಿಗೆ ಮನೆ, ಒಲೆ ಆರುವ ಮುಂಚೆ, ಮಗ ಮಲಗಿದ ಮೇಲೆ. ಅಷ್ಟೇ ಸಾಕು. ಆ ಕಟ್ಟು ಒಂದೇ ಒಂದು ಸಲ ಮುರಿಯಲಿ. ಅದಕ್ಕೆ ನಮ್ಮ ಮನೆಗಳಲ್ಲಿ ಸಿದ್ಧವಾಗಿರುವ ದೃಶ್ಯ ಒಂದಿದೆ. ಸತ್ತವರ ದಿನದ ಕಾರ್ಯದಲ್ಲಿ ಎಡೆ ಇಟ್ಟು ಕಾಗೆಗೆ ಕಾಯುತ್ತಾರಲ್ಲ, ಅದು. ಕಾಗೆ ಮುಟ್ಟದಿದ್ದರೆ ಮನೆಯವರು ಒಬ್ಬೊಬ್ಬರಾಗಿ ಸತ್ತವರಿಗೆ ಗಟ್ಟಿಯಾಗಿ ಮಾತು ಕೊಡಲು ಶುರು ಮಾಡುತ್ತಾರೆ. ಮಗಳ ಲಗ್ನ ನಾವು ಮಾಡ್ತೀವಿ, ಚಿಂತಿ ಬಿಡ. ಸಾಲ ತೀರಸ್ತೀವಿ. ತಮ್ಮನ ಕೂಡ ಜಗಳ ಆಡೂದುಲ್ಲ. ಇಡೀ ಮನೆಯ ಗುಟ್ಟು ಊರಿನ ಮುಂದೆ ಹೊರಬೀಳುತ್ತದೆ. ಯಾವ ಮಾತಿಗೆ ಕಾಗೆ ಬಂತು ಅನ್ನುವುದು ಸತ್ತವರ ಉತ್ತರ. ಸತ್ತವರು ಬಾಯಿ ಬಿಡದೆಯೇ ಮಾತಾಡುವ ದೃಶ್ಯ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ನೀವು ಇದನ್ನು ಬಸಪ್ಪನ ಸಾವಿನ ಅಧ್ಯಾಯದಲ್ಲಿ ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ಕನಿಷ್ಠ ನಾಲ್ಕು ಪುಟ ಬರೆಯಿರಿ. ಕಾಗೆ ಬಹಳ ಹೊತ್ತು ಬಾರದಿರಲಿ. ಗಂಗವ್ವ ಕೊಡಬಾರದ ಒಂದು ಮಾತನ್ನು ಅವತ್ತು ಕೊಟ್ಟುಬಿಡಲಿ. ಮುಂದಿನ 13 ವರ್ಷ ಆಕೆ ರಾತ್ರಿ ಯಾಕೆ ಮಾತಾಡುತ್ತಾಳೆ ಅನ್ನುವುದಕ್ಕೆ ಕಾರಣ ಅಲ್ಲೇ ಸಿಗುತ್ತದೆ.

ತಲೆ ಕೆಟ್ಟಿದೆ ಅಂದವರ ವಿಷಯ ಉಳಿಯಿತು. 1971ರಲ್ಲಿ ಡೆವಿ ರೀಸ್ ಎಂಬ ವೈದ್ಯರು ವೇಲ್ಸ್‌ನಲ್ಲಿ ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿ ಬರೆದರು. ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ಸತ್ತವರು ಹತ್ತಿರ ಇದ್ದಂತೆ ಅನ್ನಿಸಿತ್ತು, ಕಂಡಿತ್ತು ಅಥವಾ ಕೇಳಿಸಿತ್ತು. ನೂರಕ್ಕೆ 12ರಷ್ಟು ಜನ ಮಾತಾಡಿಯೂ ಇದ್ದರು. ಅದರಿಂದ ಅವರ ಬದುಕು ಕೆಟ್ಟಿರಲಿಲ್ಲ, ಬಹಳ ಜನಕ್ಕೆ ಆಸರೆಯೇ ಆಗಿತ್ತು. ಆದರೆ ಜಾಸ್ತಿ ಜನ ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಗಂಗವ್ವನ ತಲೆ ನೆಟ್ಟಗಿದೆ ಅಂತ ತೋರಿಸಲು ನೀವು ವಾದ ಮಾಡಬೇಡಿ. ಹಗಲಿನಲ್ಲಿ ಆಕೆ ತೂಕದಲ್ಲಿ ಮೋಸ ಆದರೆ ಹಿಡಿಯಲಿ, ಕೂಲಿಯ ಲೆಕ್ಕ ಪೈಸೆ ಬಿಡದೆ ಹೇಳಲಿ. ಮಗನ ಮುಂದೆ ರಾತ್ರಿಯ ಮಾತನ್ನು ಮುಚ್ಚಿಡಲಿ. ಮುಚ್ಚಿಡುವವಳಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಪೂರ್ತಿ ಗೊತ್ತಿರುತ್ತದೆ.

ಕೊನೆಗೆ, ಎಲ್ಲಿ ನಿಲ್ಲಿಸಬೇಕು ಅಂತ ಕೇಳಿದ್ದೀರಿ. ನಿಮ್ಮ ಕರಡಿನಲ್ಲಿ ಬಸಪ್ಪ "ಇನ್ನ ನಾ ಬರೂದುಲ್ಲ" ಅಂತ ಹೇಳಿ ಬಾಗಿಲು ದಾಟುತ್ತಾನೆ. ಆ ದೃಶ್ಯ ತೆಗೆದುಬಿಡಿ. ಹಾಗೆ ವಿದಾಯ ಹೇಳುವುದು ಬದುಕಿದ್ದಾಗ ಅವನ ಗುಣದಲ್ಲೇ ಇರಲಿಲ್ಲ.

ನಮ್ಮ ಅಜ್ಜಿಯ ಮಾತು ಹೇಗೆ ನಿಂತಿತು ಅಂತ ಹೇಳುತ್ತೇನೆ, ಬೇಕಾದರೆ ತೆಗೆದುಕೊಳ್ಳಿ. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ನಾನು ರಜೆಗೆ ಹೋಗಿದ್ದೆ. ಅಜ್ಜಿ ಒಲೆಯ ಮುಂದೆ ಕೂತು "ಈ ಸಲ ಹೆಸರು ಚಲೋ ಬಂದಾವ ನೋಡ್ರಿ" ಅಂದಳು. ನಾನು ಪುಸ್ತಕದಿಂದ ತಲೆ ಎತ್ತಿ, ಅಜ್ಜ ಏನಂದಾರು ಅಂತ ಕಾದೆ. ಅಜ್ಜಿ ಕಾಯಲಿಲ್ಲ. ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ, "ಬಿಸಿ ರೊಟ್ಟಿ ಐತಿ, ಬಾ, ಉಣ್ಣ" ಅಂದಳು.